ರಹೀಮ್ ಸಾಹೇಬರನ್ನು ಕಂಡವರು
ಗಂಗಾವತಿಯ ನಮ್ಮ ಓಣಿಯಲ್ಲಿ ತೊಂಬತ್ತರ ಸಮೀಪದ ಅಜ್ಜರೊಬ್ಬರಿದ್ದಾರೆ. ಹೈದರಾಬಾದಿನಲ್ಲಿ ಓದುತ್ತಿದ್ದಾಗ ಸಿಟಿ ಪೊಲೀಸ್ ಫುಟ್‌ಬಾಲ್ ತಂಡದ ತರಬೇತುದಾರ ಸೈಯದ್ ಅಬ್ದುಲ್ ರಹೀಮರಿಗೆ ಮೈದಾನದ ಅಂಚಿನಲ್ಲಿ ಸಲಾಮು ಮಾಡಿದರಂತೆ, ಅವರೂ ಮಾಡಿದರಂತೆ. ಅಷ್ಟೇ ಭೇಟಿ! ಅದು 1964ರಲ್ಲಿ ಎನ್ನುತ್ತಾರೆ. ರಹೀಮರು 1963ರ ಜೂನಿನಲ್ಲಿಯೇ ತೀರಿಕೊಂಡವರು. ಆದುದರಿಂದ ಮಿತ್ರರು ಇದನ್ನು ಕಟ್ಟುಕಥೆಯೆಂದು ನಗುವರು.

ನಾನು ಒಪ್ಪಲಾರೆ. 1956ರ ಅಕ್ಟೋಬರ್ ಕೊನೆಯವರೆಗೆ ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳೂ ಹೈದರಾಬಾದ್ ರಾಜ್ಯದವೇ. 1950ರಿಂದ ಸತತ ಐದು ಸಲ ರೋವರ್ಸ್ ಕಪ್ ಗೆದ್ದ ಆ ತಂಡ ನಮ್ಮ ಹಿರಿಯರಿಗೆ ಪರರದಾಗಿರಲಿಲ್ಲ. ಇಸವಿ ತಪ್ಪಿದ ಮಾತ್ರಕ್ಕೆ ಭೇಟಿಯೇ ಸುಳ್ಳಾದೀತೆ? ಅವರ ತರಬೇತಿಯಲ್ಲಿ ಭಾರತವು 1962ರಲ್ಲಿ ಜಕಾರ್ತಾದಲ್ಲಿ ಚಿನ್ನ ಗೆದ್ದುದನ್ನು ಪುಸ್ತಕಗಳು ಹೇಳುತ್ತವೆ. ಶಾಲಾ ಮಾಸ್ತರರಂತೆ ಕೈ ಹಿಂದೆ ಕಟ್ಟಿ ನಿಂತಿದ್ದರೆಂಬುದನ್ನು (ಅವರು ನಿಜಕ್ಕೂ ಮಾಸ್ತರರೇ) ನಾನು ಕೇಳಿದ್ದು ಅಜ್ಜನಿಂದಲೇ. ದಸರೆಯ ರಜೆಯಲ್ಲಿ ಎಲ್ಲವನ್ನೂ ಬರೆದುಕೊಂಡೆ. ಇಸವಿಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.