ಜಗಳಗಂಟ ಮೀನು, ಇಕ್ಕಟ್ಟಾದ ತೊಟ್ಟಿ

ಪರಿಚಿತರೊಬ್ಬರು ಕಳೆದ ವಾರ ದೂರವಾಣಿ ಮಾಡಿದ್ದರು. ತಮ್ಮ ಕಡಲನೀರಿನ ಅಕ್ವೇರಿಯಂಗೆ ಹೊಸದಾಗಿ ಬಿಟ್ಟ ಮೀನು ಎರಡು ದಿನಗಳಿಂದ ಮೂಲೆ ಬಿಟ್ಟು ಕದಲುತ್ತಿಲ್ಲ, ರೆಕ್ಕೆ ಹರಿದಿದೆ, ಏನು ಮಾಡಲಿ ಎಂಬುದು ಅವರ ಪ್ರಶ್ನೆ. ತೊಟ್ಟಿಯಲ್ಲಿ ಬೇರೆ ಏನೇನಿದೆ ಎಂದು ವಿಚಾರಿಸಿದೆ. ಮೂರು ನೀಲಿ ಡ್ಯಾಮ್ಸೆಲ್, ಒಂದು ಜೋಡಿ ಕ್ಲೌನ್, ಒಂದು ಪೌಡರ್ ಬ್ಲೂ ಟ್ಯಾಂಗ್. ಈಗ ಅದರ ಮೇಲೊಂದು ಬ್ಲೂ ಟ್ಯಾಂಗ್. ತೊಟ್ಟಿಯ ಉದ್ದ ನಾಲ್ಕು ಅಡಿ. ಹದಿನೈದು ವರ್ಷಗಳ ಹಿಂದಿನ ನನ್ನದೇ ತೊಟ್ಟಿಯ ವರ್ಣನೆಯನ್ನು ಅವರ ಬಾಯಿಂದ ಕೇಳಿದಂತಾಯಿತು.

ಆಗ ನಾನೂ ಅಂಗಡಿಯವರ ಮಾತು ನಂಬಿ ಮೊದಲು ಡ್ಯಾಮ್ಸೆಲ್ ತಂದವನೇ. ಅಗ್ಗದ ಮೀನು, ಗಟ್ಟಿ ಜೀವ. ಹೊಸ ತೊಟ್ಟಿಯ ಅಮೋನಿಯಾವನ್ನೂ ಸಹಿಸಿಕೊಳ್ಳುತ್ತದೆ ಎಂಬ ಕಾರಣಕ್ಕೆ ಅದನ್ನು ಮುಂಚೂಣಿಗೆ ತಳ್ಳುವುದು ವಾಡಿಕೆ. ಬದುಕಿ ಉಳಿದ ಡ್ಯಾಮ್ಸೆಲ್ ತಿಂಗಳೊಪ್ಪತ್ತಿನಲ್ಲಿ ಇಡೀ ತೊಟ್ಟಿಯನ್ನು ತನ್ನ ಜಹಗೀರಾಗಿ ಮಾಡಿಕೊಳ್ಳುತ್ತದೆ. ಎರಡು ಅಂಗುಲದ ಆ ಮೀನು ತನ್ನ ಮೂರು ಪಟ್ಟು ದೊಡ್ಡ ಮೀನನ್ನು ಅಟ್ಟಾಡಿಸಿದ್ದನ್ನು ಕಂಡು ನಾವು ಮನೆಮಂದಿಯೆಲ್ಲ ನಕ್ಕಿದ್ದೆವು. ನಾಲ್ಕನೆಯ ದಿನ ಆ ದೊಡ್ಡ ಮೀನು ಕಲ್ಲಿನ ಸಂದಿಯಲ್ಲಿ ಸತ್ತುಬಿದ್ದಿತ್ತು. ಆ ನಗೆ ನನಗೆ ಇಂದಿಗೂ ಮುಜುಗರ ತರುತ್ತದೆ.

ಇಂಥ ಮೀನುಗಳನ್ನು ‘ದುಷ್ಟ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ದೋಷ ಇರುವುದು ಮೀನಿನಲ್ಲಲ್ಲ. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಕಾನ್ರಾಡ್ ಲೊರೆನ್ಜ್, ಆಕ್ರಮಣಶೀಲತೆಯನ್ನು ಕುರಿತು 1963ರಲ್ಲಿ ಪ್ರಕಟಿಸಿದ ಗ್ರಂಥವನ್ನು ಆರಂಭಿಸುವುದೇ ಹವಳದ ದಿಬ್ಬದ ಮೀನುಗಳಿಂದ. ಕಣ್ಣು ಕೋರೈಸುವ ಬಣ್ಣದ ಈ ಮೀನುಗಳು ಬೇರೆ ಜಾತಿಯವುಗಳಿಗಿಂತ ತಮ್ಮದೇ ಜಾತಿಯವುಗಳ ಮೇಲೆ ಹೆಚ್ಚು ಎರಗುತ್ತವೆ ಎಂಬುದನ್ನು ಅವರು ಗಮನಿಸಿದ್ದರು. ಕಾರಣ ಸರಳ: ಅದೇ ಆಹಾರ, ಅದೇ ಸಂದಿ, ಅದೇ ಸಂಗಾತಿಗಾಗಿ ಪೈಪೋಟಿಗಿಳಿಯುವುದು ತನ್ನಂತೆಯೇ ಇರುವ ಇನ್ನೊಂದು ಮೀನು. ಸಾಗರದಲ್ಲಿ ಸೋತ ಮೀನು ಗಡಿಯಾಚೆಗೆ ಈಜಿದರೆ ಅಲ್ಲಿಗೆ ಜಗಳ ಮುಗಿಯಿತು. ತೊಟ್ಟಿಯಲ್ಲಿ ಗಡಿಯಾಚೆ ಇರುವುದು ಗಾಜು. ಸೋತವನು ಅಲ್ಲೇ ಇದ್ದಾನೆ, ಆದ್ದರಿಂದ ಗೆದ್ದವನಿಗೆ ಅವನಿನ್ನೂ ಸೋತಂತೆ ಕಾಣುವುದಿಲ್ಲ. (ಇದರಲ್ಲಿ ಮನುಷ್ಯ ಸಮಾಜದ ರೂಪಕವನ್ನು ಹುಡುಕುವ ಉತ್ಸಾಹ ಓದುಗರಿಗೆ ಬರಬಹುದು, ನನ್ನ ಕಾಳಜಿ ಇಲ್ಲಿ ಕೇವಲ ಮೀನಿನದು.)

ಟ್ಯಾಂಗ್‌ಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಬಾಲದ ಬುಡದ ಎರಡೂ ಬದಿಯಲ್ಲಿ ಶಸ್ತ್ರವೈದ್ಯರ ಚೂರಿಯಂಥ ಮುಳ್ಳು ಇರುವುದರಿಂದಲೇ ಇವುಗಳಿಗೆ ಸರ್ಜನ್ ಮೀನು ಎಂಬ ಹೆಸರು. ಪೌಡರ್ ಬ್ಲೂ ನಮ್ಮ ಹಿಂದೂ ಮಹಾಸಾಗರದ್ದೇ ಮೀನು, ದಿನವಿಡೀ ಪಾಚಿ ಮೇಯುತ್ತಾ ಸಾಗುವಂಥದ್ದು. ಅದೇ ಆಕಾರದ ಇನ್ನೊಂದು ಮೀನು ತನ್ನ ಮೇವಿನ ಜಾಗಕ್ಕೆ ಬಂದರೆ ಅದು ಸುಮ್ಮನಿರದು. ಇನ್ನು ಬ್ಲೂ ಟ್ಯಾಂಗ್ ಒಂದು ಅಡಿಯಷ್ಟು ಬೆಳೆಯಬಲ್ಲದು. ಅಂಗಡಿಯಲ್ಲಿ ಅದು ಅಂಗೈಗಿಂತ ಚಿಕ್ಕದಿರುತ್ತದೆ. 2003ರ ‘ಫೈಂಡಿಂಗ್ ನೀಮೋ’ ಚಿತ್ರ ನೋಡಿದ ಮಕ್ಕಳು ಬೆರಳು ತೋರಿಸುವುದೂ ಅದರ ಕಡೆಗೇ. ಕಿತ್ತಳೆ ಬಣ್ಣದ ಕ್ಲೌನ್‌ನ ಸಂಸಾರವೂ ಚಿತ್ರದಲ್ಲಿ ಕಂಡಂತಿಲ್ಲ. ಗುಂಪಿನ ಅತಿ ದೊಡ್ಡ ಮೀನು ಹೆಣ್ಣು, ಎರಡನೆಯದು ಗಂಡು, ಉಳಿದವು ಬಾಲ ಮುದುಡಿಕೊಂಡಿರಬೇಕಾದ ಚಿಕ್ಕವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ತೊಟ್ಟಿಗೆ ಬಿಟ್ಟ ಮೂರನೆಯ ಕ್ಲೌನ್‌ನ ಗತಿ ಏನಾಗುತ್ತದೆಂಬುದನ್ನು ಇದರಿಂದಲೇ ಊಹಿಸಬಹುದು.

ಹಾಗಾದರೆ ಉಗ್ರ ಸ್ವಭಾವದ ಮೀನುಗಳನ್ನು ಒಟ್ಟಿಗೆ ಸಾಕಲೇಬಾರದೇ? ಸಾಕಬಹುದು, ಕ್ರಮವರಿತು. ಸಾಧುವಾದವು ಮೊದಲು, ಜಗಳಗಂಟ ಮೀನು ಕೊನೆಗೆ ಎಂಬುದು ಮೊದಲ ಸೂತ್ರ. ನಾವೆಲ್ಲ ಮಾಡುವುದು ತಿರುವುಮುರುವು. ಹೊಸ ಮೀನನ್ನು ರಂಧ್ರಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಕೆಲವು ದಿನ ಅದೇ ತೊಟ್ಟಿಯೊಳಗೆ ಇಟ್ಟರೆ ಹಳೆಯ ಮೀನಿಗೆ ಅದರ ಮುಖ ಪರಿಚಯವಾಗುತ್ತದೆ, ಕಚ್ಚಲು ಸಿಗುವುದಿಲ್ಲ. ಬಿಡುವ ದಿನ ಕಲ್ಲುಗಳ ಜೋಡಣೆ ಬದಲಿಸಿದರೆ ಹಳಬನ ಗಡಿಗಳೂ ಅಳಿಸಿಹೋಗುತ್ತವೆ. ಆಕಾರ, ಬಣ್ಣ, ಆಹಾರ ಬೇರೆಬೇರೆ ಇರುವವುಗಳನ್ನು ಆರಿಸಬೇಕು. ಮೇವನ್ನು ತೊಟ್ಟಿಯ ಎರಡು ತುದಿಗಳಲ್ಲಿ ಇಡಬೇಕು. ಲಯನ್ ಮೀನಿನಂಥವುಗಳ ವಿಷಯ ಬೇರೆ. ಅದು ಜಗಳವಾಡುವುದಿಲ್ಲ, ಬಾಯಿಗೆ ಹಿಡಿಸಿದ್ದನ್ನು ನುಂಗುತ್ತದೆ, ಅಷ್ಟೆ. ಆಫ್ರಿಕಾದ ಸಿಹಿನೀರಿನ ಸಿಕ್ಲಿಡ್ ಸಾಕುವವರು ತೊಟ್ಟಿ ತುಂಬ ಮೀನು ಬಿಟ್ಟು ಜಗಳ ಹಂಚಿಹೋಗುವಂತೆ ಮಾಡುವುದುಂಟು. ಕಡಲನೀರಿನಲ್ಲಿ ಆ ಉಪಾಯ ಆತ್ಮಘಾತಕ: ಉಪ್ಪುನೀರು ಹಿಡಿದಿಡುವ ಆಮ್ಲಜನಕವೇ ಕಡಿಮೆ, ಮೇಲಾಗಿ ಅಷ್ಟೊಂದು ಮೀನುಗಳ ತ್ಯಾಜ್ಯವನ್ನು ಮನೆಯ ಫಿಲ್ಟರ್ ಅರಗಿಸಿಕೊಳ್ಳಲಾರದು. ಸದಾ ಹೆದರಿ ಬದುಕುವ ಮೀನಿಗೆ ಬಿಳಿಚುಕ್ಕೆ ರೋಗವೂ ಬೇಗ ಅಂಟುತ್ತದೆ. ಮೀನು ಸತ್ತದ್ದು ರೋಗದಿಂದ ಎಂದು ನಾವು ಬರೆದುಕೊಳ್ಳುತ್ತೇವೆ.

2017ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಕ್ವೇರಿಯಂ ಅಂಗಡಿಗಳಿಗೆ ನಿಯಮಗಳನ್ನು ಹೊರಡಿಸಿ 158 ಜಾತಿಗಳ ಪ್ರದರ್ಶನ, ಮಾರಾಟಗಳನ್ನು ನಿಷೇಧಿಸಿದಾಗ ದೊಡ್ಡ ಗದ್ದಲವೆದ್ದಿತು. ಸಾರಾಸಗಟು ನಿಷೇಧವನ್ನು ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಕ್ಲೌನ್ ಮೀನುಗಳನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಮರಿ ಮಾಡಿಸಿ ತೋರಿಸಿದೆ. ಅಂಥವನ್ನು ಸಾಕುವುದರಿಂದ ಹವಳದ ದಿಬ್ಬಕ್ಕೆ ನಷ್ಟವಿಲ್ಲ. ನಾನು ಬಯಸುವುದು ಇದಕ್ಕಿಂತ ಬಹಳ ಸಣ್ಣದು. ಪ್ರತಿ ಮೀನಿನ ಬೆಲೆಯ ಪಕ್ಕದಲ್ಲಿ ಅದು ಎಷ್ಟು ಉದ್ದ ಬೆಳೆಯುತ್ತದೆ, ಎಷ್ಟು ಲೀಟರಿನ ತೊಟ್ಟಿ ಬೇಕು, ಯಾವುದರ ಜೊತೆ ಬಿಡಬಾರದು, ಹಿಡಿದು ತಂದದ್ದೋ ಮರಿ ಮಾಡಿಸಿದ್ದೋ ಎಂಬ ನಾಲ್ಕು ಸಾಲು ಬರೆದಿರಬೇಕು. ಬಿಸ್ಕತ್ತಿನ ಪೊಟ್ಟಣದ ಮೇಲೆ ಇದಕ್ಕಿಂತ ಹೆಚ್ಚು ವಿವರ ಇರುತ್ತದೆ. ವ್ಯಾಪಾರ ಕುಸಿಯುತ್ತದೆ ಎಂಬ ಆಕ್ಷೇಪ ಬಂದೀತು. ಕುಸಿಯಬಹುದು, ಸತ್ತ ಮೀನಿನ ಜಾಗಕ್ಕೆ ಮತ್ತೊಂದು ಮೀನು ಮಾರುವ ವ್ಯಾಪಾರವಷ್ಟೇ ಅಲ್ಲವೇ ಅದು?

ಪರಿಚಿತರಿಗೆ ನಾನು ಹೇಳಿದ್ದು, ಪೆಟ್ಟು ತಿಂದದ್ದನ್ನಲ್ಲ, ಪೆಟ್ಟು ಕೊಟ್ಟದ್ದನ್ನು ಹೊರಗೆ ತೆಗೆಯಿರಿ ಎಂದು. ಅಂಗಡಿಯವರು ವಾಪಸು ಪಡೆಯಲು ಒಪ್ಪಿಲ್ಲವಂತೆ. ರಂಧ್ರ ಕೊರೆದ ಅಕ್ರಿಲಿಕ್ ಹಲಗೆಯೊಂದನ್ನು ತೊಟ್ಟಿಯ ನಡುವೆ ಇಳಿಸಿ, ಆರಡಿ ತೊಟ್ಟಿ ಇರುವವರು ಯಾರಾದರೂ ಪೌಡರ್ ಬ್ಲೂ ಒಯ್ಯುವರೇ ಎಂದು ಅವರೀಗ ವಿಚಾರಿಸುತ್ತಿದ್ದಾರೆ. ಬ್ಲೂ ಟ್ಯಾಂಗ್ ನಿನ್ನೆ ಸಂಜೆ ಮೂಲೆಯಿಂದ ಹೊರಬಂದು ಸ್ವಲ್ಪ ಪಾಚಿ ತಿಂದಿತಂತೆ.