ದೂರದ ಉಗ್ರಾಣದಿಂದ ಮನೆಯ ಪೆಟ್ಟಿಗೆಗೆ

ಕಳೆದ ಮಾಸದಲ್ಲಿ ನಮ್ಮ ತೀರ್ಥರೂಪರ ಶ್ರಾದ್ಧಕ್ಕೆಂದು ಹಳ್ಳಿಗೆ ಹೋಗಿದ್ದೆವು. ಎಂಬತ್ತನ್ನು ದಾಟಿದ ಸೋದರತ್ತೆಯವರು ತಮ್ಮ ಅಣ್ಣನ ಭಾವಚಿತ್ರಗಳನ್ನು ನೋಡಬೇಕೆಂದು ಅಪೇಕ್ಷಿಸಿದರು. ಸಂಗಡ ಒಯ್ದಿದ್ದ ಲ್ಯಾಪ್‌ಟಾಪನ್ನು ತೆರೆದೆವು. ಚಿತ್ರಗಳ ಹೆಸರುಗಳೆಲ್ಲ ಸಾಲಾಗಿ ಕಾಣಿಸಿದುವು. ಆದರೆ ಒಂದಾದರೂ ತೆರೆಯಲಿಲ್ಲ. ಅಲ್ಲಿ ಇಂಟರ್ನೆಟ್ಟಿನ ಸಂಪರ್ಕವಿರಲಿಲ್ಲ. ‘ಇರಲಿ, ಇನ್ನೊಮ್ಮೆ ನೋಡಿದರಾಯಿತು’ ಎಂದು ಅತ್ತೆಯವರು ಸುಮ್ಮನಾದರು. ಆ ವಯಸ್ಸಿನವರ ಬಾಯಿಂದ ‘ಇನ್ನೊಮ್ಮೆ’ ಎಂಬ ಮಾತನ್ನು ಕೇಳಿ ನಮಗೆ ಬಹಳ ನಾಚಿಕೆಯಾಯಿತು.

ತಪ್ಪು ನಮ್ಮದೇ. ಕಣ್ಣಿಗೆ ಕಾಣುವುದೆಲ್ಲ ಮನೆಯಲ್ಲಿದೆಯೆಂದು ನಂಬಿದ್ದೆವು. ಕ್ಲೌಡ್ ಎಂಬ ಉಗ್ರಾಣವು ಆಕಾಶದಲ್ಲಿರುವುದಲ್ಲ. ಎಲ್ಲಿಯೋ ದೂರದ ಕಟ್ಟಡದಲ್ಲಿರುವ ಪರರ ಕಂಪ್ಯೂಟರುಗಳಲ್ಲಿರುವುದು. ಡಿಸ್ಕಿನ ಸ್ಥಳವನ್ನು ಉಳಿಸುವುದಕ್ಕಾಗಿ, ಫೈಲಿನ ಹೆಸರನ್ನು ಮಾತ್ರ ನಮ್ಮಲ್ಲಿ ತೋರಿಸಿ ಫೈಲನ್ನು ಅಲ್ಲಿಯೇ ಇರಿಸುವ ಏರ್ಪಾಡೊಂದುಂಟು. ವಿಂಡೋಸಿನ ಒನ್‌ಡ್ರೈವಿನಲ್ಲಿ ಇದು 2017ರಲ್ಲಿ ಬಂದಿತು. ಹೆಸರಿನ ಪಕ್ಕದಲ್ಲಿ ನೀಲಿಯ ಮೋಡದ ಗುರುತಿದ್ದರೆ ಆ ವಸ್ತುವು ಮನೆಯಲ್ಲಿಲ್ಲವೆಂದೇ ತಿಳಿಯತಕ್ಕದ್ದು.

ಅದನ್ನು ಮನೆಗೆ ತರುವ ಕ್ರಮವು ಕಠಿನವಲ್ಲ. ಮೊದಲು ಡಿಸ್ಕಿನಲ್ಲಿ ಸಾಕಷ್ಟು ಸ್ಥಳವಿದೆಯೇ ಎಂದು ನೋಡಿಕೊಳ್ಳಬೇಕು. ಬಳಿಕ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಬೇಕು. ಎಲ್ಲವೂ ಇಳಿದು ಬಂದಾಗ ಮೋಡದ ಬದಲು ಹಸುರು ವೃತ್ತದಲ್ಲಿ ಬಿಳಿಯ ಗುರುತು ಕಾಣುವುದು. ಆಮೇಲೆ ಅವುಗಳನ್ನು ಒನ್‌ಡ್ರೈವಿನ ಹೊರಗಿರುವ ಬೇರೊಂದು ಫೋಲ್ಡರಿಗೆ ನಕಲು ಮಾಡಿಕೊಳ್ಳಬೇಕು.

ನಕಲು ಎಂದೆವು; ಸ್ಥಳಾಂತರವೆನ್ನಲಿಲ್ಲ. ಇದನ್ನು ಗೃಹಿಣಿಯರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕೆಂದು ಅರಿಕೆ ಮಾಡಿಕೊಳ್ಳುತ್ತೇವೆ. ಒನ್‌ಡ್ರೈವಿನ ಫೋಲ್ಡರಿನಿಂದ ತೆಗೆದುದು ದೂರದ ಉಗ್ರಾಣದಿಂದಲೂ ಹೋಗುವುದು. ಸ್ಥಳ ಸಾಲದೆಂದು ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುವುದು. ಸ್ವಂತ ಖಾತೆಯಲ್ಲಿ ಅಳಿಸಿದ ಫೈಲು ಕಸದ ಬುಟ್ಟಿಯಲ್ಲಿ ಸಾಮಾನ್ಯವಾಗಿ 30 ದಿವಸ ಉಳಿದಿರುವುದಾದರೂ, ಆ ಅವಧಿಯು ಮೀರಿದ ಮೇಲೆ ಪಶ್ಚಾತ್ತಾಪವೊಂದೇ ಉಳಿಯುವುದು. ಆದುದರಿಂದ ಮೊದಲು ತರುವುದು, ಅನಂತರ ಎಣಿಸುವುದು, ನಾಲ್ಕಾರನ್ನು ತೆರೆದು ನೋಡುವುದು. ಅಳಿಸುವ ಮಾತು ಕಟ್ಟಕಡೆಗೆ.

ಗೂಗಲಿನಲ್ಲಿ ಇಟ್ಟವರಿಗೆ ‘ಟೇಕ್‌ಔಟ್’ ಎಂಬ ದ್ವಾರವುಂಟು; ಅಲ್ಲಿ ಕೇಳಿಕೊಂಡರೆ ಎಲ್ಲವನ್ನೂ ಜಿಪ್ ಗಂಟುಗಳಾಗಿ ಕಟ್ಟಿಕೊಡುವರು. ಆದರೆ ಗೂಗಲ್ ಡಾಕ್ಸಿನಲ್ಲಿ ಬರೆದ ಪತ್ರಗಳು ಕಂಪ್ಯೂಟರಿನ ಡ್ರೈವ್ ಫೋಲ್ಡರಿನಲ್ಲಿ ಕಾಣಿಸಿದರೂ, ಅವು ಬರಿಯ ವಿಳಾಸದ ಚೀಟಿಗಳು. ಅವುಗಳನ್ನು ವರ್ಡ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳತಕ್ಕದ್ದು. ಎರಡು ವರ್ಷಕಾಲ ಬಳಸದ ಸ್ವಂತ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿರುವುದರಿಂದ, ಗತಿಸಿದವರ ಖಾತೆಯ ವಿಷಯದಲ್ಲಿ ಮನೆಯವರು ಆಲಸ್ಯ ಮಾಡಬಾರದು.

ಹಾಗೆಂದು ಮನೆಯ ಡಿಸ್ಕು ಚಿರಂಜೀವಿಯೆಂದು ನಾವು ಹೇಳುವುದಿಲ್ಲ. ಅದೂ ಕೆಡುವುದುಂಟು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿ, ಮತ್ತೊಂದು ದೂರದ ಉಗ್ರಾಣದಲ್ಲಿ ಇರುವುದೇ ಕ್ಷೇಮ.

ಹಳ್ಳಿಯಿಂದ ಹಿಂದಿರುಗಿದ ಭಾನುವಾರವೇ ನಾವು ಈ ಕೆಲಸವನ್ನು ಮುಗಿಸಿದೆವು. ಮುಂದಿನ ವಾರ ಮತ್ತೆ ಅತ್ತೆಯವರಲ್ಲಿಗೆ ಹೊರಟಿದ್ದೇವೆ.