ಕಲಹವಂತೆ, ಕಲಹ!

"ಶೀಲ ಶಂಕಿಸಿ ಪತ್ನಿಯ ಕೊಲೆ." ಮೈಸೂರಿನ ಟೀ ಅಂಗಡಿಗಳಲ್ಲಿ ನಾವು ಮತ್ತೆ ಮತ್ತೆ ಓದುವ ತಲೆಬರಹ ಇದು. ಶಂಕಿಸಿದವನು ಯಾರು? ಕೊಂದವನೇ. ಅವನು ಹೇಳಿದ್ದು ಠಾಣೆಯ ಬರಹವಾಗುತ್ತದೆ, ಠಾಣೆಯ ಬರಹ ಪತ್ರಿಕೆಯ ಸುದ್ದಿಯಾಗುತ್ತದೆ. ವರದಿಗಾರ ಸಂಜೆ ಠಾಣೆಗೆ ಫೋನ್ ಮಾಡುತ್ತಾನೆ, ಅವಳ ತವರಿಗೆ ಮಾಡುವುದಿಲ್ಲ. ಸತ್ತವಳಂತೂ ಎದ್ದು ಬಂದು "ಅಲ್ಲ" ಅನ್ನುವ ಹಾಗಿಲ್ಲ. ಲೋಟ ಖಾಲಿಯಾಗೋದ್ರೊಳಗೆ ಬೆಂಚಿನ ಮೇಲಿನವರು ಶುರು ಮಾಡುತ್ತಾರೆ: "ಅವ್ಳೇನ್ ಮಾಡಿದ್ಲೋ! ಬೆಂಕಿ ಇಲ್ದೆ ಹೊಗೆ ಬತ್ತದಾ?" ಕೊಂದವನ ವಿಚಾರಣೆ ಕೋರ್ಟಿನಲ್ಲಿ ಶುರುವಾಗುವ ಮೊದಲೇ ಕೊಲೆಯಾದವಳ ವಿಚಾರಣೆ ಇಲ್ಲಿ ಮುಗಿದಿರುತ್ತದೆ.

"ಕೌಟುಂಬಿಕ ಕಲಹ" ಎಂದು ಬರೆದರಂತೂ ಇನ್ನೂ ಸಲೀಸು. ಒಬ್ಬ ಹೊಡೆದು ಒಬ್ಬಳು ಹೊಡೆಸಿಕೊಂಡದ್ದನ್ನು ಕಲಹ ಅನ್ನುವುದು ಯಾರ ಕನ್ನಡ ಸ್ವಾಮಿ? ನಮ್ಮವರ ಕೇರಿಗೆ ನುಗ್ಗಿ ಬಡಿದಾಗ "ಎರಡು ಗುಂಪುಗಳ ಘರ್ಷಣೆ" ಅಂತ ಬರೆಯುತ್ತಾರಲ್ಲ, ಅದೇ ಕನ್ನಡ. ಅದನ್ನು ಓದಿ ನಾವು ಬೀದಿಗಿಳಿಯುತ್ತೇವೆ. ಇದನ್ನು ಓದಿ ಪುಟ ತಿರುವುತ್ತೇವೆ.

ಕೇರಿಯಲ್ಲಾದರೆ "ಕುಡಿದ ಅಮಲಿನಲ್ಲಿ" ಎಂದು ಸೇರಿಸುತ್ತಾರೆ. ಬಡಾವಣೆಯ ಮಹಡಿ ಮನೆಯ ಏಟು ಗೇಟು ದಾಟಿ ಪತ್ರಿಕೆಗೆ ಬರುವುದೇ ಅಪರೂಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 100 ಹೆಂಗಸರಲ್ಲಿ 44 ಮಂದಿ ಗಂಡನ ಹಿಂಸೆ ಉಂಡವರು. ದೇಶದಲ್ಲೇ ಹೆಚ್ಚು. ಈ ಲೆಕ್ಕ ಕೇರಿಯೊಳಗೆ ಮಾತ್ರ ಹಿಡಿಸುವಂಥದ್ದೇ?

2005ರ ಕೌಟುಂಬಿಕ ಹಿಂಸೆ ಕಾಯ್ದೆ ಬೈಗುಳವನ್ನೂ, ಕೂಲಿ ಕಾಸು ಕಿತ್ತುಕೊಳ್ಳುವುದನ್ನೂ, ಮನೆಯಿಂದ ಆಚೆಗೆ ದಬ್ಬುವುದನ್ನೂ ಹಿಂಸೆ ಅಂದಿತು. ಪತ್ರಿಕೆಗೆ ಮಾತ್ರ ಹೆಣವೇ ಬೀಳಬೇಕು. ಬಿದ್ದ ಮೇಲಾದರೂ ಸುದ್ದಿಯ ಕೆಳಗೆ ಮಹಿಳಾ ಸಹಾಯವಾಣಿ 181 ಎಂದು ಒಂದು ಸಾಲು ಹಾಕಲು ಎಷ್ಟು ಜಾಗ ಬೇಕು? ಮೇಷ್ಟ್ರೇ, ನಾಳೆ ತರಗತಿಗೆ ಇಂಥ ಒಂದು ಸುದ್ದಿ ಒಯ್ಯಿರಿ. ತಲೆಬರಹವನ್ನು ಮಕ್ಕಳ ಕೈಲೇ ತಿದ್ದಿಸಿ: "ಹೆಂಡತಿಯನ್ನು ಗಂಡ ಕೊಂದ." ಅಷ್ಟೇ ಸಾಕು.

ಪತ್ರಿಕೆಯವರನ್ನು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ ನಾವು. 1927ರಲ್ಲಿ ಬಾಬಾಸಾಹೇಬರು ಮಹಾಡದಲ್ಲಿ ಸುಡಿಸಿದ ಮನುವಿನ ಪುಸ್ತಕ ನಮ್ಮ ಅಡುಗೆಮನೆಗಳಲ್ಲಿ ಇನ್ನೂ ಸುಡದೆ ಉಳಿದಿದೆ. ನಮ್ಮ ಜೊತೆಗಾರನೊಬ್ಬ ಹೆಂಡತಿಯ ಮೇಲೆ ಕೈ ಮಾಡಿದ ಸುದ್ದಿ ಬಂದಾಗ ನಾವೇ ಅಂದೆವು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." ಮಾರನೆಯ ದಿನ ಅವನ ಮನೆಯಲ್ಲೇ ಸಭೆ. ಟೀ ತಂದುಕೊಟ್ಟ ಆಕೆಯ ಕೆನ್ನೆ ಊದಿತ್ತು. ನಾವು ಲೋಟ ತಗೊಂಡು ಕರಪತ್ರದ ಮಾತು ಮುಂದುವರಿಸಿದೆವು.